ಚೆಂಗ್ಡು ಮಾರುಕಟ್ಟೆ ಹೋಟೆಲಲ್ಲಿ ಊಟ ಮಾಡಿ ತುಟಿ ಮರಗಟ್ಟಿತು: ಇದು ಖಾರವಾ, ಅಲರ್ಜಿಯಾ?

ದಾರಿಹೋಕ (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ಕೆಲಸದ ಮೇಲೆ ಚೀನಾದ ಚೆಂಗ್ಡುಗೆ ಬಂದು ಮೂರು ದಿನ ಆಯಿತು. ಇನ್ನೂ ನಾಲ್ಕು ದಿನ ಇಲ್ಲೇ ಇರುತ್ತೇನೆ. ನಿನ್ನೆ ರಾತ್ರಿ ಆದದ್ದನ್ನು ಬರೆಯುತ್ತೇನೆ, ಇಲ್ಲಿನ ಊಟ ಗೊತ್ತಿರುವವರು ದಯವಿಟ್ಟು ಹೇಳಿ.

ನಾನು ಉಳಿದುಕೊಂಡಿರುವ ಕಟ್ಟಡದ ಹಿಂದೆಯೇ ಒಂದು ತರಕಾರಿ ಮಾರುಕಟ್ಟೆ ಇದೆ. ಅದರ ಮೂಲೆಯಲ್ಲಿ ಒಂದು ಪುಟ್ಟ ಹೋಟೆಲ್. ಒಳಗೆ ಐದು ಟೇಬಲ್, ಹೊರಗೆ ಫುಟ್‌ಪಾತ್ ಮೇಲೆ ಮೊಣಕಾಲೆತ್ತರದ ಪ್ಲಾಸ್ಟಿಕ್ ಸ್ಟೂಲುಗಳು. ದಿನಾ ಸಂಜೆ ಜನ ನಿಂತು ಕಾಯುವುದನ್ನು ನೋಡಿದ್ದೆ, ಮಾರುಕಟ್ಟೆಯಲ್ಲಿ ತರಕಾರಿ ಮಾರುವವರೂ ಅಲ್ಲೇ ಊಟ ಮಾಡುತ್ತಾರೆ, ಹಾಗಾಗಿ ಚೆನ್ನಾಗಿರಲೇಬೇಕು ಅನ್ನಿಸಿ ಹೋದೆ. ಮೆನು ಪೂರ್ತಿ ಗೋಡೆ ಮೇಲೆ ಚೀನೀ ಅಕ್ಷರದಲ್ಲಿ. ಮೊಬೈಲಿನ ಅನುವಾದದ ಆಪ್ ಹಿಡಿದೆ. "ನೀರಿನಲ್ಲಿ ಬೇಯಿಸಿದ ಮೀನು" ಅಂತ ತೋರಿಸಿತು. ಇದು ಸಪ್ಪೆಯಾಗಿರುತ್ತದೆ, ಮೊದಲ ಸಲಕ್ಕೆ ಸರಿಯಾಯಿತು ಅಂದುಕೊಂಡು ಅದನ್ನೇ ಹೇಳಿದೆ. ಜೊತೆಗೆ "ವೇಯ್ ಲಾ", ಅಂದರೆ ಸ್ವಲ್ಪ ಖಾರ ಸಾಕು, ಅಂತಲೂ ಹೇಳಿದೆ.

ಬಂದದ್ದು ಬೋಗುಣಿ ತುಂಬ ಕೆಂಪು ಎಣ್ಣೆ. ಮೇಲೆ ಒಣಮೆಣಸಿನಕಾಯಿ ತೇಲುತ್ತಿತ್ತು, ನಡುವೆ ಕಾಳುಮೆಣಸಿನಂಥ ಬಿರಿದ ಕಾಯಿಗಳು. ಸಾರು ಅಂದುಕೊಂಡು ಎರಡು ಚಮಚ ಕುಡಿದುಬಿಟ್ಟೆ. ನೆತ್ತಿಗೆ ಹತ್ತಿತು. ಕಣ್ಣು, ಮೂಗು ಎಲ್ಲದರಲ್ಲೂ ನೀರು. ಅದು ಖಾರ, ಅರ್ಥವಾಗುತ್ತದೆ. ಆದರೆ ಒಂದೆರಡು ನಿಮಿಷ ಬಿಟ್ಟು ತುಟಿ ಜುಮ್ಮೆನ್ನಲು ಶುರುವಾಯಿತು, ಆಮೇಲೆ ನಾಲಿಗೆ ತುದಿ, ಆಮೇಲೆ ಕೆನ್ನೆ ಒಳಗೆಲ್ಲ ಜೋಮು ಹಿಡಿದಂತೆ ಆಗಿ ಬಾಯಿ ನನ್ನದಲ್ಲವೇನೋ ಅನ್ನುವ ಹಾಗಾಯಿತು. ನೀರು ಕುಡಿದರೆ ನೀರಿನ ರುಚಿಯೇ ಬೇರೆ, ಏನೋ ಹುಳಿ ಹುಳಿ. ನಿಜಕ್ಕೂ ಹೆದರಿದೆ. ಅರ್ಧಕ್ಕೇ ಬಿಟ್ಟು ಎದ್ದು ಬಂದೆ. ಅಡುಗೆ ಮಾಡಿದ ಅಮ್ಮನ ಮುಖ ನೋಡಿ ಬೇಜಾರೂ ಆಯಿತು.

ಇದು ಅಲರ್ಜಿಯಾ? ಸ್ವಲ್ಪ ಖಾರ ಸಾಕು ಅಂದರೂ ಯಾಕೆ ಹೀಗೆ ಕೊಟ್ಟರು? ಖಾರ ಹತ್ತಿದಾಗ ಏನು ಕುಡಿಯಬೇಕು? ನನಗೆ ಅಲ್ಲಿಗೆ ಮತ್ತೆ ಹೋಗುವ ಆಸೆ ಇದೆ. ಆ ವಾಸನೆ ಇನ್ನೂ ಮೂಗಿನಲ್ಲೇ ಇದೆ.

---

ಕಬ್ಬಿಣದ ಬಾಣಲೆ:

ಮೊದಲು ಸಮಾಧಾನ ಮಾಡಿಕೊಳ್ಳಿ, ನೀವು ಹೇಳಿದ್ದು ಅಲರ್ಜಿ ಥರ ಕಾಣುವುದಿಲ್ಲ. ನಾನು ಚೆಂಗ್ಡುವಿನಲ್ಲಿ ಎರಡು ವರ್ಷ ಇದ್ದೆ. ಮೊದಲ ವಾರ ನನಗೂ ಇದೇ ಹೆದರಿಕೆ ಆಗಿತ್ತು.

ನೀವು ನೋಡಿದ ಬಿರಿದ ಕಾಯಿ ಕಾಳುಮೆಣಸಲ್ಲ. ಅದರ ಹೆಸರು ಹ್ವಾಜ್ಯಾವ್. ಕಾಳುಮೆಣಸಿಗೂ ಮೆಣಸಿನಕಾಯಿಗೂ ಅದಕ್ಕೂ ಸಂಬಂಧವೇ ಇಲ್ಲ, ಅದು ನಿಂಬೆ, ಕಿತ್ತಳೆಯ ಕುಟುಂಬದ ಗಿಡ. ಮಲೆನಾಡಿನ ಜುಮ್ಮನಕಾಯಿ ಗೊತ್ತಿದ್ದರೆ ಅದರ ಹತ್ತಿರದ ನೆಂಟ. ಆ ಹೆಸರಲ್ಲೇ ಉತ್ತರ ಇದೆ, ಅಲ್ವಾ? ಚೆಂಗ್ಡು ಇರುವ ಸಿಚುವಾನ್ ಪ್ರಾಂತ್ಯದ ಜನ ಖಾರ, ಜುಮ್ಮು ಎರಡನ್ನೂ ಬೇರೆ ಬೇರೆ ಪದದಲ್ಲೇ ಹೇಳುತ್ತಾರೆ. "ಲಾ" ಅಂದರೆ ಮೆಣಸಿನಕಾಯಿಯ ಉರಿ. "ಮಾ" ಅಂದರೆ ಹ್ವಾಜ್ಯಾವ್ ಕೊಡುವ ಜುಮ್ಮು. ಎರಡೂ ಸೇರಿದರೆ ಮಾಲಾ. ನಿಮ್ಮ ಪ್ರಶ್ನೆಗೆ ಉತ್ತರ ಇಲ್ಲೇ ಇದೆ: ನೀವು ಕಮ್ಮಿ ಮಾಡಿ ಅಂದದ್ದು "ಲಾ" ಮಾತ್ರ. "ಮಾ" ಬಗ್ಗೆ ಏನೂ ಹೇಳಲಿಲ್ಲ. ಅದನ್ನು ಬೇರೆಯಾಗಿಯೇ ಹೇಳಬೇಕು, "ಶಾವ್ ಹ್ವಾಜ್ಯಾವ್", ಅಂದರೆ ಹ್ವಾಜ್ಯಾವ್ ಕಮ್ಮಿ. ಪೂರ್ತಿ ಬೇಡ ಅಂದರೆ "ಬು ಯಾವ್ ಹ್ವಾಜ್ಯಾವ್".

ಇನ್ನು ಆ ಮೀನು. ಅದು ಶ್ವೇಜೂ ಯೂ. ಹೆಸರಿನ ಅರ್ಥ ನಿಜವಾಗಿ "ನೀರಿನಲ್ಲಿ ಬೇಯಿಸಿದ ಮೀನು" ಅಂತಲೇ, ಆಪ್ ಸುಳ್ಳು ಹೇಳಲಿಲ್ಲ. ತೆಳ್ಳಗೆ ಕೊಯ್ದ ಮೀನನ್ನು ಸಾರಿನಲ್ಲಿ ಒಂದೆರಡು ನಿಮಿಷ ಬೇಯಿಸುತ್ತಾರೆ, ಮೊಳಕೆಕಾಳಿನ ಮೇಲೆ ಸುರಿಯುತ್ತಾರೆ, ಮೇಲೆ ಒಣಮೆಣಸಿನಕಾಯಿ ಮತ್ತು ಹ್ವಾಜ್ಯಾವ್ ಹರಡಿ, ಹೊಗೆಯಾಡುವ ಎಣ್ಣೆಯನ್ನು ಚುಂಯ್ ಅಂತ ಹೊಯ್ಯುತ್ತಾರೆ. ಆ ಎಣ್ಣೆ ಮೀನನ್ನು ಬಿಸಿಯಾಗಿ, ಮೆತ್ತಗೆ ಇಡುವುದಕ್ಕೆ, ಘಮ ಏರಿಸುವುದಕ್ಕೆ. ಅದನ್ನು ಯಾರೂ ಕುಡಿಯುವುದಿಲ್ಲ. ಚಾಪ್‌ಸ್ಟಿಕ್‌ನಲ್ಲಿ ಮೀನಿನ ಹೋಳು ಎತ್ತಿ, ಬೋಗುಣಿಯ ಅಂಚಿಗೆ ಒಮ್ಮೆ ಒರೆಸಿ, ಎಣ್ಣೆ ಸೋರಿದ ಮೇಲೆ ಅನ್ನದ ಮೇಲೆ ಇಟ್ಟುಕೊಂಡು ತಿನ್ನಬೇಕು. ಮೇಲಿನ ಮೆಣಸಿನಕಾಯಿಯನ್ನೂ ತಿನ್ನುವುದಿಲ್ಲ, ಪಕ್ಕಕ್ಕೆ ಸರಿಸುತ್ತಾರೆ. ಲಾಜಿ ಜೀ ಅನ್ನುವ ಹುರಿದ ಕೋಳಿಯ ತಟ್ಟೆಯಲ್ಲಂತೂ ಕೋಳಿಗಿಂತ ಮೆಣಸಿನಕಾಯಿಯೇ ಜಾಸ್ತಿ, ಅದರಲ್ಲಿ ಹುಡುಕಿ ಹುಡುಕಿ ಕೋಳಿ ತಿನ್ನುವುದೇ ಒಂದು ಖುಷಿ.

ಅವರು ನಿಮ್ಮ ಮಾತು ಕೇಳಲಿಲ್ಲ ಅಂತ ದಯವಿಟ್ಟು ಅಂದುಕೊಳ್ಳಬೇಡಿ. ಈ ಪದಾರ್ಥಕ್ಕೆ ಖಾರವೇ ಜೀವ. ಅದರಲ್ಲಿ ವೇಯ್ ಲಾ ಅಂದರೆ ಅವರ ಲೆಕ್ಕದ ಸ್ವಲ್ಪ, ನಮ್ಮ ಲೆಕ್ಕದ್ದಲ್ಲ.

ಇಂಥ ಹೋಟೆಲಿಗೆ ಚೆಂಗ್ಡು ಜನ ಪ್ರೀತಿಯಿಂದ "ತ್ಸಾಂಗ್‌ಯಿಂಗ್ ಗ್ವಾನ್‌ಜಿ" ಅನ್ನುತ್ತಾರೆ, ಅಂದರೆ ನೊಣದ ಹೋಟೆಲ್. ಚಿಕ್ಕದು, ಹಳೆಯದು, ಗೋಡೆಗೆ ಎಣ್ಣೆ ಅಂಟಿರುತ್ತದೆ, ಆದರೆ ಊಟಕ್ಕೆ ದೂರದಿಂದ ಕಾರಲ್ಲಿ ಬರುತ್ತಾರೆ. 2010ರಲ್ಲಿ ಯುನೆಸ್ಕೋ ಚೆಂಗ್ಡುವನ್ನು ತನ್ನ ಊಟದ ನಗರಗಳ ಪಟ್ಟಿಗೆ ಸೇರಿಸಿತು, ಏಷ್ಯಾದಲ್ಲಿ ಆ ಹೆಸರು ಮೊದಲು ಬಂದದ್ದು ಇದಕ್ಕೇ. ನನ್ನ ಮಟ್ಟಿಗೆ ಆ ಗೌರವ ಸಲ್ಲಬೇಕಾದದ್ದು ದೊಡ್ಡ ಹೋಟೆಲುಗಳಿಗಲ್ಲ, ಈ ಪ್ಲಾಸ್ಟಿಕ್ ಸ್ಟೂಲುಗಳಿಗೆ. ಹೋಗಿ, ಖಂಡಿತ ಮತ್ತೆ ಹೋಗಿ.

---

ಉಪ್ಪುಹುಳಿ:

ಮೇಲಿನವರು ಹೇಳಿದ್ದು ಸರಿ. ಅಲರ್ಜಿ ಬಗ್ಗೆ ಮಾತ್ರ ಇನ್ನೂ ಸ್ವಲ್ಪ ಸ್ಪಷ್ಟವಾಗಿ ಹೇಳಬೇಕು, ಏಕೆಂದರೆ ಓದುವವರಲ್ಲಿ ಯಾರಿಗಾದರೂ ನಿಜವಾದ ಅಲರ್ಜಿ ಇರಬಹುದು. ಹ್ವಾಜ್ಯಾವ್ ಜುಮ್ಮು ಬಾಯಿಯೊಳಗೆ, ತುಟಿಯಲ್ಲಿ ಮಾತ್ರ ಇರುತ್ತದೆ, ಸ್ವಲ್ಪ ಹೊತ್ತಿನಲ್ಲಿ ತಾನಾಗಿಯೇ ಇಳಿಯುತ್ತದೆ. ತುಟಿ ಅಥವಾ ಮುಖ ಊದಿಕೊಂಡರೆ, ಮೈ ಮೇಲೆ ದದ್ದು ಎದ್ದರೆ, ಗಂಟಲು ಬಿಗಿದು ಉಸಿರಾಡಲು ಕಷ್ಟವಾದರೆ ಅದು ಬೇರೆ ವಿಷಯ, ತಡ ಮಾಡಬಾರದು. ಚೀನಾದಲ್ಲಿ ಆಂಬುಲೆನ್ಸ್ ನಂಬರ್ 120. ಸಿಚುವಾನ್ ಅಡುಗೆಯಲ್ಲಿ ಕಡಲೆಕಾಯಿ, ಎಳ್ಳು, ಸೋಯಾ ತುಂಬಾ ಕಡೆ ಇರುತ್ತವೆ. ಇವು ಆಗದವರು ಚೀನೀ ಭಾಷೆಯಲ್ಲಿ ಬರೆಸಿದ ಒಂದು ಚೀಟಿ ಜೇಬಲ್ಲಿ ಇಟ್ಟುಕೊಂಡಿರಿ.

ಯಾಕೆ ಹೀಗಾಗುತ್ತದೆ ಅನ್ನುವುದು ನನಗೆ ಬಹಳ ಇಷ್ಟದ ವಿಷಯ. ಮೆಣಸಿನಕಾಯಿಗೆ ಖಾರ ಕೊಡುವ ಕ್ಯಾಪ್ಸೈಸಿನ್ ಅನ್ನುವ ವಸ್ತು ಕೂತುಕೊಳ್ಳುವುದು ನಮ್ಮ ನರಗಳಲ್ಲಿ ಬಿಸಿಯನ್ನು ಗುರುತಿಸುವ ಜಾಗದಲ್ಲೇ. ಸುಮಾರು 43 ಡಿಗ್ರಿಗಿಂತ ಜಾಸ್ತಿ ಬಿಸಿ ತಾಗಿದಾಗ ಎಚ್ಚರಿಸುವ ಬಾಗಿಲು ಅದು. ಹಾಗಾಗಿ ಬಾಯಿ ಸುಟ್ಟಂತೆ ಅನ್ನಿಸುತ್ತದೆ, ನಿಜಕ್ಕೂ ಸುಟ್ಟಿರುವುದಿಲ್ಲ. ಆ ಬಾಗಿಲನ್ನು 1997ರಲ್ಲಿ ಪತ್ತೆ ಮಾಡಿದ ಡೇವಿಡ್ ಜೂಲಿಯಸ್ ಅವರಿಗೆ 2021ರಲ್ಲಿ ನೊಬೆಲ್ ಬಂತು. ಹ್ವಾಜ್ಯಾವ್‌ನಲ್ಲಿ ಇರುವುದು ಸ್ಯಾನ್‌ಶೂಲ್ ಅನ್ನುವ ಬೇರೆಯೇ ವಸ್ತು. ಅದು ಸ್ಪರ್ಶದ ನರಗಳನ್ನು ಕೆಣಕುತ್ತದೆ. 2013ರಲ್ಲಿ ಲಂಡನ್ನಿನ ಸಂಶೋಧಕರು ಜನರ ತುಟಿಗೆ ಹ್ವಾಜ್ಯಾವ್ ಹಚ್ಚಿ, ಬೆರಳಿಗೆ ಬೇರೆ ಬೇರೆ ವೇಗದ ಕಂಪನ ಕೊಟ್ಟು, ಯಾವುದು ತುಟಿಯ ಜುಮ್ಮಿಗೆ ಹೊಂದುತ್ತದೆ ಅಂತ ಕೇಳಿದರು. ಸೆಕೆಂಡಿಗೆ ಸುಮಾರು 50 ಸಲದ ಕಂಪನಕ್ಕೆ ಹೊಂದಿತು. ಅಂದರೆ ನಿಮ್ಮ ತುಟಿ ಅಲುಗಾಡದೆಯೇ ಅಲುಗಿದಂತೆ ನಿಮಗೆ ತಿಳಿಯುತ್ತಿತ್ತು. ಅದು ರುಚಿಗಿಂತ ಮುಟ್ಟಿದ ಅನುಭವಕ್ಕೇ ಹತ್ತಿರ.

ಕುಡಿಯುವುದಕ್ಕೆ: ಕ್ಯಾಪ್ಸೈಸಿನ್ ನೀರಿನಲ್ಲಿ ಕರಗುವುದಿಲ್ಲ, ಕೊಬ್ಬಿನಲ್ಲಿ ಕರಗುತ್ತದೆ. ತಣ್ಣೀರು ಬಾಯಲ್ಲಿ ಇರುವಷ್ಟು ಹೊತ್ತು ಮಾತ್ರ ಹಿತ. ಹಾಲು, ಮೊಸರು ಒಳ್ಳೆಯದು, ಅದರಲ್ಲಿನ ಪ್ರೋಟೀನ್ ಖಾರವನ್ನು ಹಿಡಿದುಕೊಂಡು ಹೋಗುತ್ತದೆ. ಸಕ್ಕರೆಯೂ ಸ್ವಲ್ಪ ತಣಿಸುತ್ತದೆ. ಸೋಡಾ ಬೇಡ, ಆ ಗುಳ್ಳೆ ಉರಿಯ ಮೇಲೆ ಇನ್ನಷ್ಟು ಚುಚ್ಚುತ್ತದೆ. ಮೆಣಸಿನಕಾಯಿ ಮುಟ್ಟಿದ ಕೈಯಲ್ಲಿ ಕಣ್ಣು ಒರೆಸಿಕೊಳ್ಳಬೇಡಿ.

---

ದಾರಿಹೋಕ:

ತುಂಬಾ ತುಂಬಾ ಥ್ಯಾಂಕ್ಸ್. ಊತ, ದದ್ದು ಏನೂ ಇರಲಿಲ್ಲ, ಅರ್ಧ ಗಂಟೆಯಲ್ಲಿ ಎಲ್ಲ ಸರಿಯಾಗಿತ್ತು. ಮನಸ್ಸು ಹಗುರ ಆಯಿತು. ಎಣ್ಣೆ ಕುಡಿಯಬಾರದು ಅನ್ನುವುದು ಗೊತ್ತೇ ಇರಲಿಲ್ಲ. ಪಕ್ಕದ ಟೇಬಲಿನ ಅಜ್ಜ ನನ್ನ ಕಡೆ ಕೈ ಅಲ್ಲಾಡಿಸಿ ಏನೋ ಹೇಳುತ್ತಿದ್ದರು, ಈಗ ಅರ್ಥವಾಯಿತು.

ಇನ್ನೊಂದು ವಿಷಯ. ನನ್ನ ಜೊತೆ ಕೆಲಸ ಮಾಡುವವರು ನಾಳೆ ಬಂದು ಸೇರುತ್ತಾರೆ, ಅವರು ಪೂರ್ತಿ ಸಸ್ಯಾಹಾರಿ. ಅವರನ್ನು ಅಲ್ಲಿಗೆ ಕರೆದುಕೊಂಡು ಹೋಗಬಹುದಾ?

---

ಸೊಪ್ಪುಸದೆ:

ನಾನು ಸಸ್ಯಾಹಾರಿ. ಚೆಂಗ್ಡುವಿನಲ್ಲಿ ಹನ್ನೆರಡು ದಿನ ತಿಂದಿದ್ದೇನೆ. ಆಗುತ್ತದೆ, ಆದರೆ ಸುಮ್ನೆ "ತರಕಾರಿ ಕೊಡಿ" ಅಂದರೆ ಸಾಲದು.

ಇಲ್ಲಿ ಮಾಂಸ ಅನ್ನುವುದು ತುಂಬಾ ಸಲ ಪದಾರ್ಥ ಅಲ್ಲ, ಒಗ್ಗರಣೆ ಇದ್ದ ಹಾಗೆ. ಮಾಪೋ ತೋಫು ಅಂದರೆ ತೋಫು, ಸೋಯಾ ಹಾಲಿನ ಪನೀರು, ಅಂತ ನೆಮ್ಮದಿಯಿಂದ ಇರುತ್ತೀರಿ, ಅದರಲ್ಲಿ ಕೊಚ್ಚಿದ ದನದ ಮಾಂಸ ಇರುತ್ತದೆ. ದಾನ್‌ದಾನ್ ನೂಡಲ್ಸ್ ಮೇಲೆ ಹುರಿದ ಹಂದಿಮಾಂಸದ ಪುಡಿ. ಹುರುಳಿಕಾಯಿ ಹುರಿದದ್ದರಲ್ಲೂ ಅದೇ. ಸೊಪ್ಪನ್ನು ಹಂದಿ ಕೊಬ್ಬಿನಲ್ಲಿ ಬಾಡಿಸುವುದುಂಟು. ಹಾಟ್‌ಪಾಟ್‌ನ ಕೆಂಪು ಸಾರಿಗೆ (ಟೇಬಲ್ ಮೇಲೆ ಕುದಿಯುವ ಈ ಸಾರಿನಲ್ಲೇ ಅದ್ದಿ ಬೇಯಿಸಿಕೊಂಡು ತಿನ್ನುವುದು) ದನದ ಕೊಬ್ಬೇ ಆಧಾರ. ಹಾಗಾಗಿ ನಿಮ್ಮವರು "ವೋ ಚೀ ಸೂ" ಅನ್ನಬೇಕು, ಅಂದರೆ ನಾನು ಸಸ್ಯಾಹಾರಿ. ಅದಾದ ಮೇಲೆ "ಬು ಯಾವ್ ರೋ", ಮಾಂಸ ಬೇಡ, "ಬು ಯಾವ್ ಜೂ ಯೋ", ಹಂದಿ ಕೊಬ್ಬು ಬೇಡ. ಇಷ್ಟನ್ನೂ ಚೀನೀ ಅಕ್ಷರದಲ್ಲಿ ಮೊಬೈಲಲ್ಲಿ ಬರೆದಿಟ್ಟುಕೊಂಡು ತೋರಿಸುವುದು ವಾಸಿ, ನಮ್ಮ ಉಚ್ಚಾರದಲ್ಲಿ ಅರ್ಥ ಬದಲಾಗಿಬಿಡುತ್ತದೆ.

ನನಗೆ ಕೈಹಿಡಿದದ್ದು ತಣ್ಣನೆಯ ತಿನಿಸುಗಳು. ಲ್ಯಾಂಗ್‌ಫೆನ್ ಅಂತ ಕಾಳಿನ ಹಿಟ್ಟಿನ ಜೆಲ್ಲಿ ಇದೆ, ಬೆರಳುದ್ದ ಕೊಯ್ದು ಮೇಲೆ ಕೆಂಪು ಎಣ್ಣೆ, ಬೆಳ್ಳುಳ್ಳಿ, ಹುಳಿ ಹಾಕಿ ಕೊಡುತ್ತಾರೆ. ಟ್ಯೆನ್‌ಶ್ವೇಮ್ಯೆನ್ ಅಂತ ದಪ್ಪ ನೂಡಲ್ಸ್, ಸಿಹಿ ಬೆರೆತ ಸೋಯಾ ಮತ್ತು ಎಳ್ಳಿನ ಸಾಸ್, ಖಾರ ಆಮೇಲೆ ನಿಧಾನವಾಗಿ ಬರುತ್ತದೆ. ಅದನ್ನು ತಿಂದ ದಿನ ನನಗೆ ಇಡೀ ಊರೇ ಇಷ್ಟವಾಗಿಹೋಯಿತು. ಇನ್ನು "ಮೀನಿನ ಘಮದ ಬದನೆಕಾಯಿ" ಅಂತ ಮೆನುವಿನಲ್ಲಿ ಕಂಡರೆ ಗಾಬರಿ ಬೇಡ, ಅದರಲ್ಲಿ ಮೀನು ಇರುವುದಿಲ್ಲ, ಮೀನಿನ ಅಡುಗೆಗೆ ಬಳಸುವ ಮಸಾಲೆ ಅಂತ ಆ ಹೆಸರು. ಆದರೆ ಕೊಚ್ಚಿದ ಹಂದಿಮಾಂಸ ಹಾಕುವುದುಂಟು, ಕೇಳಲೇಬೇಕು.

ಯಾವ ಅನುಮಾನವೂ ಬೇಡ ಅನ್ನುವ ದಿನ ವೆನ್‌ಶೂ ಬೌದ್ಧ ಮಠದ ಸಸ್ಯಾಹಾರಿ ಊಟದ ಮನೆಗೆ ಹೋಗಿ.

---

ನಿಧಾನಸ್ಥ:

ಎಲ್ಲರೂ ಮತ್ತೆ ಹೋಗಿ, ಮತ್ತೆ ತಿನ್ನಿ ಅನ್ನುತ್ತಿದ್ದೀರಿ. ನನ್ನದು ಸ್ವಲ್ಪ ಬೇರೆ ಮಾತು. ನನಗೆ ಗ್ಯಾಸ್ಟ್ರಿಕ್ ತೊಂದರೆ ಇದೆ. ಸಿಚುವಾನ್‌ಗೆ ಹೋದ ಮೊದಲ ಎರಡು ದಿನ, ಜೊತೆಗಿದ್ದವರು ಏನಂದುಕೊಳ್ಳುತ್ತಾರೋ ಅಂತ ಬೆವರು ಸುರಿಸಿಕೊಂಡು ತಿಂದೆ. ಮೂರನೆಯ ದಿನ ಹೊಟ್ಟೆ ಉರಿಯಿಂದ ರೂಮು ಬಿಟ್ಟು ಹೊರಗೆ ಬರಲಾಗಲಿಲ್ಲ, ನೋಡಬೇಕು ಅಂದುಕೊಂಡಿದ್ದ ಲೆಶಾನ್ ಊರಿನ ದೊಡ್ಡ ಬುದ್ಧನ ವಿಗ್ರಹವನ್ನು ನೋಡದೆಯೇ ವಾಪಸ್ ಬಂದೆ. ಇವತ್ತಿಗೂ ಆ ಬೇಸರ ಹೋಗಿಲ್ಲ. ಖಾರ ತಿನ್ನುವುದು ಪರೀಕ್ಷೆಯಲ್ಲ. "ಬು ಲಾ", ಖಾರ ಬೇಡ, ಅಂತ ಹೇಳುವುದರಲ್ಲಿ ಯಾವ ನಾಚಿಕೆಯೂ ಇಲ್ಲ.

---

ಕಬ್ಬಿಣದ ಬಾಣಲೆ:

@ನಿಧಾನಸ್ಥ, ನಿಮ್ಮ ಮಾತು ಒಪ್ಪುತ್ತೇನೆ, ಆರೋಗ್ಯ ಮೊದಲು. ಒಂದನ್ನು ಮಾತ್ರ ಸೇರಿಸುತ್ತೇನೆ. ಖಾರದ ಪದಾರ್ಥವನ್ನು ತೋರಿಸಿ ಅದರಲ್ಲಿ ಖಾರ ತೆಗೆಯಿರಿ ಅನ್ನುವುದಕ್ಕಿಂತ, ಮೊದಲಿನಿಂದಲೂ ಖಾರ ಇಲ್ಲದ ಪದಾರ್ಥ ಕೇಳುವುದು ಒಳ್ಳೆಯದು. ಶ್ವೇಜೂ ಯೂನಲ್ಲಿ ಖಾರ ತೆಗೆದರೆ ಉಳಿಯುವುದು ಬರೀ ಬೆಂದ ಮೀನು. ಸಿಚುವಾನ್ ಅಡುಗೆ ಅಂದರೆ ಖಾರ ಮಾತ್ರ ಅಂತ ಹೊರಗಿನವರು ಅಂದುಕೊಂಡಿದ್ದೇವೆ. ಇಲ್ಲಿನ ಅಡುಗೆಯವರು 24 ಬಗೆಯ ರುಚಿ ಲೆಕ್ಕ ಹಾಕುತ್ತಾರೆ, ಅದರಲ್ಲಿ ಮಾಲಾ ಒಂದು ಅಷ್ಟೇ. ಚಹಾ ಎಲೆಯ ಹೊಗೆ ಹಿಡಿಸಿದ ಬಾತುಕೋಳಿಗೆ ಮೆಣಸಿನಕಾಯಿಯ ಸೋಂಕೂ ಇಲ್ಲ. ಟೊಮೆಟೊ ಮೊಟ್ಟೆ ಪಲ್ಯ ಎಲ್ಲ ಸಣ್ಣ ಹೋಟೆಲಲ್ಲೂ ಸಿಗುತ್ತದೆ.

ಮೆಣಸಿನಕಾಯಿಯೂ ಇಲ್ಲಿಯದಲ್ಲ. ಅಮೆರಿಕ ಖಂಡದಿಂದ ಚೀನಾಕ್ಕೆ ಬಂದದ್ದು 16ನೇ ಶತಮಾನದ ಕೊನೆಯ ಹೊತ್ತಿಗೆ, ಮೊದಲು ಅಂದಕ್ಕೆ ಬೆಳೆಸುವ ಗಿಡವಾಗಿ. ಹ್ವಾಜ್ಯಾವ್ ಈ ನೆಲದ್ದೇ. ಸಿಚುವಾನ್ ಸೀಮೆಯ ಜನಕ್ಕೆ ಘಾಟು, ಘಮ ಅಂದರೆ ಇಷ್ಟ ಅಂತ 4ನೇ ಶತಮಾನದ ಒಂದು ಬರಹದಲ್ಲೇ ಇದೆ. ಆಗ ಮೆಣಸಿನಕಾಯಿಯ ಹೆಸರೇ ಇರಲಿಲ್ಲ! ಅದಕ್ಕೇ ನನಗೆ ಅನ್ನಿಸುವುದು, ಈ ಊಟದಲ್ಲಿ "ಲಾ" ಕಮ್ಮಿ ಮಾಡಿಕೊಂಡರೂ ಪರವಾಗಿಲ್ಲ, "ಮಾ" ಒಂದು ಚಿಟಿಕೆಯಾದರೂ ಇರಲಿ.

ದಾರಿಹೋಕರೇ, ನೀವು ಮುಂದಿನ ಸಲ ಮಾಪೋ ತೋಫು ತಿನ್ನಿ. ಅದು ಹುಟ್ಟಿದ್ದೇ ಚೆಂಗ್ಡುವಿನಲ್ಲಿ, 19ನೇ ಶತಮಾನದಲ್ಲಿ, ಸೇತುವೆ ಪಕ್ಕದ ಇಂಥದೇ ಒಂದು ಸಣ್ಣ ಹೋಟೆಲಿನಲ್ಲಿ. ನಡೆಸುತ್ತಿದ್ದ ಹೆಂಗಸಿನ ಮುಖದಲ್ಲಿ ಸಿಡುಬಿನ ಕಲೆ ಇತ್ತು, ಅದರಿಂದಲೇ ಆ ಹೆಸರು. ಕೆಂಪು ಬಣ್ಣ ನೋಡಿ ಹೆದರಬೇಡಿ. ಅದರಲ್ಲಿ ಅರ್ಧ ಬಣ್ಣ ದೋಬಾನ್‌ಜ್ಯಾಂಗ್‌ನದು. ಅವರೆಯಂಥ ದೊಡ್ಡ ಕಾಳು ಮತ್ತು ಮೆಣಸಿನಕಾಯಿಯನ್ನು ಉಪ್ಪಲ್ಲಿ ಹುದುಗಿಸಿ ಮಾಡಿದ ಗೊಜ್ಜು. ಚೆಂಗ್ಡು ಪಕ್ಕದ ಪೀಡೂನಲ್ಲಿ ಗುಡಾಣಗಳಲ್ಲಿ ಇಟ್ಟು, ಹಗಲು ಬಿಸಿಲಿಗೆ ರಾತ್ರಿ ಇಬ್ಬನಿಗೆ ಬಿಟ್ಟು, ಕಲಕುತ್ತಾ ತಿಂಗಳುಗಟ್ಟಲೆ ಮಾಗಿಸುತ್ತಾರೆ. ಖಾರಕ್ಕಿಂತ ಅದರ ಮಾಗಿದ ಉಪ್ಪು ರುಚಿಯೇ ನಾಲಿಗೆಯಲ್ಲಿ ನಿಲ್ಲುತ್ತದೆ.

---

ದಾರಿಹೋಕ:

ಮತ್ತೆ ಹೋಗಿ ಬಂದೆ! ನಿನ್ನೆ ಮಧ್ಯಾಹ್ನ, ಜನ ಸೇರುವ ಮುಂಚೆ ಹನ್ನೊಂದೂವರೆಗೇ. ಆ ಅಮ್ಮನಿಗೆ ಗುರುತು ಸಿಕ್ಕಿತು. ಮೊಬೈಲಲ್ಲಿ ಬರೆದದ್ದು ತೋರಿಸಿದೆ: ಖಾರ ಕಮ್ಮಿ, ಹ್ವಾಜ್ಯಾವ್ ಕಮ್ಮಿ. ಅವರು ಓದಿ, ಬೆರಳ ತುದಿಯಲ್ಲಿ ಚಿಟಿಕೆ ಮಾಡಿ ತೋರಿಸಿ, ಇಷ್ಟು ಹಾಕಲಾ ಅನ್ನುವ ಹಾಗೆ ಕೇಳಿದರು. ಹೂಂ ಅಂದೆ. ನನಗೆ ಮಾಪೋ ತೋಫು. ಜೊತೆಗಿದ್ದವರಿಗೆ ಲ್ಯಾಂಗ್‌ಫೆನ್ ಮತ್ತು ಬರೀ ಎಣ್ಣೆ, ಬೆಳ್ಳುಳ್ಳಿಯಲ್ಲಿ ಬಾಡಿಸಿದ ಸೊಪ್ಪು. ಮರದ ಪೀಪಾಯಿಯಿಂದ ಅನ್ನವನ್ನು ನಾವೇ ಬಡಿಸಿಕೊಂಡೆವು.

ತೋಫು ಬಾಯಲ್ಲಿ ಇಟ್ಟರೆ ನಡುಗುವಷ್ಟು ಮೆತ್ತಗಿತ್ತು. ಮೊದಲು ಬಿಸಿ, ಆಮೇಲೆ ಉಪ್ಪುಪ್ಪಾದ ಆ ಗೊಜ್ಜು, ಅದರ ಹಿಂದೆ ಖಾರ, ಕೊನೆಗೆ ತುಟಿ ಅಂಚಿನಲ್ಲಿ ಜುಮ್ಮು. ಈ ಸಲ ಹೆದರಿಕೆ ಇಲ್ಲದ್ದರಿಂದ ಒಂದೊಂದೂ ಬೇರೆ ಬೇರೆಯಾಗಿ ತಿಳಿಯಿತು. ನಿಂಬೆ ಸಿಪ್ಪೆಯ ಘಮ ಇದೆ ಅದರಲ್ಲಿ, ಮೊನ್ನೆ ಗಮನಿಸಿಯೇ ಇರಲಿಲ್ಲ. ಮಧ್ಯೆ ಮಧ್ಯೆ ಬರೀ ಅನ್ನ ಎರಡು ತುತ್ತು ತಿಂದರೆ ಬಾಯಿ ತಣಿಯುತ್ತಿತ್ತು. ಊಟ ಆದ ಮೇಲೆ ಪಕ್ಕದ ಗಾಡಿಯಲ್ಲಿ ಬಿಂಗ್‌ಫೆನ್ ತಿಂದೆವು, ಗಾಜಿನಂತೆ ತಿಳಿಯಾದ ಜೆಲ್ಲಿ, ಮೇಲೆ ಬೆಲ್ಲದ ಪಾಕ, ಕಡಲೆಕಾಯಿ ಪುಡಿ. ಇಬ್ಬರ ಊಟಕ್ಕೆ 46 ಯುವಾನ್ ಆಯಿತು, ಅಲಿಪೇ ಅನ್ನುವ ಮೊಬೈಲ್ ಆಪಿನಲ್ಲಿ ಕೊಟ್ಟೆ. ಬಟ್ಟಲು ಖಾಲಿ ನೋಡಿ ಆ ಅಮ್ಮ ನಕ್ಕರು. ಮೊದಲ ದಿನದ ಬೇಜಾರು ಪೂರ್ತಿ ಹೋಯಿತು.

ಹೊರಗೆ ಬಂದು ಮಾರುಕಟ್ಟೆಯಲ್ಲಿ ಹ್ವಾಜ್ಯಾವ್ ತೆಗೆದುಕೊಂಡೆ. ಬೋರ್ಡಿನಲ್ಲಿದ್ದ ಬೆಲೆ ಕಿಲೋಗಲ್ಲ, ಜಿನ್‌ಗೆ, ಅಂದರೆ ಅರ್ಧ ಕಿಲೋಗೆ ಅಂತ ಆಮೇಲೆ ತಿಳಿಯಿತು. 100 ಗ್ರಾಂ ಇದೆ. ಇದನ್ನು ಹೇಗೆ ಇಟ್ಟುಕೊಳ್ಳಬೇಕು, ಹೇಗೆ ಬಳಸಬೇಕು?

---

ಉಪ್ಪುಹುಳಿ:

ಓದಿ ಖುಷಿಯಾಯಿತು. ಗಾಳಿಯಾಡದ ಡಬ್ಬಿಯಲ್ಲಿ ಹಾಕಿ, ಬೆಳಕು ಬೀಳದ ಜಾಗದಲ್ಲಿ ಇಡಿ, ಫ್ರೀಜರ್ ಆದರೆ ಇನ್ನೂ ಒಳ್ಳೆಯದು. ಅದರ ಘಮ ಬೇಗ ಹಾರಿಹೋಗುತ್ತದೆ. ಹಾಗಾಗಿ ಪುಡಿ ಮಾಡಿ ಇಡಬೇಡಿ, ಬೇಕಾದಾಗ ಬೇಕಾದಷ್ಟೇ ಮಾಡಿ. ಜುಮ್ಮು ಇರುವುದು ಸಿಪ್ಪೆಯಲ್ಲಿ. ಒಳಗಿನ ಕಪ್ಪು ಬೀಜ ಉಳಿದಿದ್ದರೆ ಆರಿಸಿ ಬಿಸಾಡಿ, ಇಲ್ಲದಿದ್ದರೆ ಹಲ್ಲಿಗೆ ಮರಳು ಸಿಕ್ಕಂತೆ ಆಗುತ್ತದೆ. ಒಣ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಘಮ ಬರುವವರೆಗೆ ಬಿಸಿ ಮಾಡಿ, ಆರಿದ ಮೇಲೆ ಕುಟ್ಟಿ, ಜರಡಿ ಹಿಡಿಯಿರಿ. ಅಡುಗೆ ಇಳಿಸುವಾಗ ಮೇಲೆ ಉದುರಿಸಿದರೆ ಸಾಕು. ಸೀದರೆ ಕಹಿಯಾಗುತ್ತದೆ, ಒಲೆ ಬಿಟ್ಟು ಆಚೆ ಹೋಗಬೇಡಿ.